ಬೆಳಕಿಲ್ಲದ ಮೂಲೆಗೆ ಬಾಡಿಗೆ ಗಿಡ

"ನನ್ನ ಕೈಗುಣಾನೇ ಸರಿಯಿಲ್ಲ ಕಣಕ್ಕ, ಯಾವ ಗಿಡ ತಂದ್ರೂ ಸತ್ತೋಗ್ತದೆ" ಎಂದು ನನ್ನೆದುರು ಹೇಳಿಕೊಂಡ ಹೆಂಗಸರು ಎಷ್ಟೋ ಮಂದಿ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅವರ ಮೇಲಲ್ಲ, ಅವರಿಗೆ ಆ ಗಿಡ ಮಾರಿದವರ ಮೇಲೆ. ಹಸು ಕಟ್ಟಿಕೊಂಡು ಹೊತ್ತು ಹುಟ್ಟುವ ಮುಂಚೆ ಡೇರಿಗೆ ಹಾಲು ಹಾಕುವವಳು, ಅತ್ತೆ ಮಾವನ ಔಷಧಿಯನ್ನು ಹೊತ್ತುಹೊತ್ತಿಗೆ ನೆನಪಿಟ್ಟು ಕೊಡುವವಳು, ಒಂದು ಮನಿಪ್ಲಾಂಟ್ ಉಳಿಸಿಕೊಳ್ಳಲಾರದಷ್ಟು ಕೆಟ್ಟ ಕೈಯವಳೇ? ಅವಳಿಗೆ ತಳದಲ್ಲಿ ತೂತಿಲ್ಲದ ಕುಂಡ ಕೊಟ್ಟವನು ಯಾರು? ದಿನಾ ಒಂದು ಚೊಂಬು ನೀರು ಹಾಕಿ ಎಂದು ಹೇಳಿ ಕಳಿಸಿದವನು ಯಾರು? ಅವನ ಕೈಗುಣದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾನು ಸರೋಜ. ದೇವನಹಳ್ಳಿ ತಾಲ್ಲೂಕಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಮನೆಯವಳು. ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿ ಕೆಲವು ವರ್ಷ ನರ್ಸರಿಯಲ್ಲಿದ್ದೆ. ಆಮೇಲೆ ನೆಲಮಂಗಲದ ಕಡೆಯ ಒಂದು ಬಾಡಿಗೆ ಗಿಡಗಳ ಕಂಪನಿ ಸೇರಿ ಅಲ್ಲೇ ನಿವೃತ್ತಳಾದೆ. ಈಗ ಈ ಕೆಲಸಕ್ಕೆ ಹುಡುಗ ಹುಡುಗಿಯರು ತುಂಬ ಬರುತ್ತಿದ್ದಾರೆ. ಗಿಡ ಇಷ್ಟ ಅಂತ ಬರುತ್ತಾರೆ. ಗಿಡ ಇಷ್ಟ ಇರುವವರಿಗೆ ಈ ಕೆಲಸದಲ್ಲಿ ಏನೇನು ಕಾಣಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಬೇಕಲ್ಲ.

ಬಾಡಿಗೆ ಗಿಡ ಎಂದರೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಟ್ಟ ಹಾಗೆಯೇ. ಕಾರ್ಖಾನೆಯ ಕಚೇರಿ, ಬ್ಯಾಂಕು, ಹೋಟೆಲಿನ ಮುಂದಿನ ಹಾಲ್, ಇವಕ್ಕೆಲ್ಲ ಹಸಿರು ಬೇಕು, ಸಾಕುವ ಪಾಡು ಬೇಡ. ನಾವು ಕುಂಡಗಳನ್ನು ತಂದಿಡುತ್ತೇವೆ. ವಾರಕ್ಕೊಮ್ಮೆ ಬಂದು ಎಲೆ ಒರೆಸಿ, ನೀರು ಹಾಕಿ ಹೋಗುತ್ತೇವೆ. ಬಾಡಿದ್ದನ್ನು ವ್ಯಾನಿಗೆ ಹಾಕಿಕೊಂಡು ಹೊಸದನ್ನು ಇಡುತ್ತೇವೆ. ಬಾಶೆಟ್ಟಿಹಳ್ಳಿ, ಸೋಂಪುರ, ಪಿಲ್ಲಗುಂಪೆ, ಈ ಮೂರೂ ಕಡೆಯ ಕಾರ್ಖಾನೆಗಳ ಕಚೇರಿಗಳು ನನ್ನ ಉಸ್ತುವಾರಿಯಲ್ಲಿದ್ದವು. ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ನಾನು ಸವೆಸಿದ ದಾರಿ ಕಡಿಮೆಯಲ್ಲ.

ಹೊರಗಿನವರಿಗೆ ಇದು ಗಿಡ ಸಾಕುವ ಉದ್ಯೋಗ. ನಾನೂ ಹಾಗೇ ತಿಳಿದು ಸೇರಿದೆ. ಸೇರಿದ ಹೊಸದರಲ್ಲೇ ನಮ್ಮ ಮ್ಯಾನೇಜರ್ ಕೇಶವಮೂರ್ತಿಯವರು ನನ್ನ ಭ್ರಮೆ ಬಿಡಿಸಿದರು. ಸಣಕಲು ದೇಹದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಎಂದೂ ದನಿ ಎತ್ತುತ್ತಿರಲಿಲ್ಲ. ಪಿಲ್ಲಗುಂಪೆಯ ಒಂದು ಕಚೇರಿಯಲ್ಲಿ ಕಿಟಕಿಯೇ ಇಲ್ಲದ ಮೀಟಿಂಗ್ ಕೋಣೆಗೆ ಅರೆಕಾ ಪಾಮ್ ಇಡಿ ಎಂದಿದ್ದರು. ಅಲ್ಲಿ ಅದು ಬದುಕುವುದಿಲ್ಲ ಸಾರ್ ಎಂದೆ.

"ಬದುಕ್ಲೇಬೇಕು ಅಂತ ಯಾರಂದ್ರು?" ಎಂದರು ಅವರು, ಪಾಠ ಹೇಳುವವರಂತೆ. "ಒಂದು ತಿಂಗಳು ಹಸಿರಾಗಿ ನಿಂತ್ಕೊಂಡ್ರೆ ಸಾಕು. ಆಮೇಲೆ ಬೇರೆ ಇಡ್ತೀವಿ. ನಾವು ಗಿಡ ಬೆಳೆಸೋರಲ್ಲ ಸರೋಜಮ್ಮ, ಹಸಿರು ತೋರ್ಸೋರು."

ಈ ಮಾತನ್ನು ಹೊಸಬರು ಚೆನ್ನಾಗಿ ಕೇಳಿಸಿಕೊಳ್ಳಿ. ದೊಡ್ಡ ದೊಡ್ಡ ಕಚೇರಿಗಳಲ್ಲಿ ಮಿರಮಿರ ಮಿಂಚುವ ಗಿಡ ನೋಡಿ, ನಮ್ಮ ಮನೆಯಲ್ಲಿ ಯಾಕೆ ಹೀಗಿರುವುದಿಲ್ಲ ಎಂದು ಕೊರಗುವವರಿಗೂ ಹೇಳಿ. ಅಲ್ಲಿ ನಿಂತಿರುವುದು ಒಂದೇ ಗಿಡವಲ್ಲ. ಒಂದರ ಹಿಂದೆ ಒಂದು ಬಂದು ಸಾಯುತ್ತಿರುವ ಗಿಡಗಳ ಸಾಲು. ಸತ್ತದ್ದು ಗಿಡಗಳನ್ನಿಡುವ ನಮ್ಮ ಯಾರ್ಡಿನ ಹಿಂದೆ ಗುಡ್ಡೆ ಬಿದ್ದಿರುತ್ತದೆ, ಬದುಕಿರುವುದು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ.

ಮಿಂಚುವ ಎಲೆಯ ಮಾತೂ ಅಷ್ಟೇ. ಒಂದು ಬಗೆಯ ಎಣ್ಣೆಯ ಸ್ಪ್ರೇ ಕೊಟ್ಟು ಪ್ರತಿ ವಾರ ಹೊಡೆಯಿರಿ ಎನ್ನುತ್ತಿದ್ದರು. ಎಲೆ ಉಸಿರಾಡುವ ರಂಧ್ರಗಳಿಗೆ ಎಣ್ಣೆ ಮೆತ್ತಿ, ಅದರ ಮೇಲೆ ಧೂಳು ಕೂತು, ಎಲೆ ಹೊಳೆಯುತ್ತ ಹೊಳೆಯುತ್ತಲೇ ಸೊರಗುತ್ತಿತ್ತು. ಮನೆಯಲ್ಲಿ ಕೆಲವರು ಕೊಬ್ಬರಿ ಎಣ್ಣೆ ಸವರುತ್ತಾರೆ, ಹಾಲು ಹಚ್ಚುತ್ತಾರೆ. ಬೇಡ ಕಣ್ರಮ್ಮ. ಹಳೇ ಬನಿಯನ್ ಬಟ್ಟೆ ಒದ್ದೆ ಮಾಡಿ ಹಿಂಡಿ, ಎಲೆಯ ಅಡಿಗೆ ಒಂದು ಕೈ ಕೊಟ್ಟು, ಮೇಲೂ ಕೆಳಗೂ ಒರೆಸಿದರೆ ಅದಕ್ಕಿಂತ ದೊಡ್ಡ ಉಪಚಾರವಿಲ್ಲ. ಕೆಳಭಾಗ ಒರೆಸುವಾಗಲೇ ಬಿಳಿ ಹಿಟ್ಟು ತಿಗಣೆ ಸೇರಿಕೊಂಡಿದ್ದರೆ ಕಣ್ಣಿಗೆ ಬೀಳುತ್ತದೆ. ಸೋಪಿನ ನೀರು ಅದ್ದಿದ ಹತ್ತಿಯಲ್ಲಿ ಆಗಲೇ ಒರೆಸಿ ತೆಗೆದುಬಿಟ್ಟರೆ ಯಾವ ಔಷಧಿಯೂ ಬೇಡ.

ಆ ಕಚೇರಿಗಳಲ್ಲಿ ಗಿಡ ಕೊಲ್ಲುತ್ತಿದ್ದದ್ದು ಕತ್ತಲೆಯೊಂದೇ ಅಲ್ಲ, ಪ್ರೀತಿಯೂ ಹೌದು. ಬಾಟಲಿಯಲ್ಲಿ ಉಳಿದ ನೀರು ಕುಂಡಕ್ಕೆ, ಕಪ್ಪಿನಲ್ಲಿ ಉಳಿದ ಟೀ ಕುಂಡಕ್ಕೆ. ಬೆಳಿಗ್ಗೆ ಒಬ್ಬರು ಹಾಕಿದ್ದನ್ನು ತಿಳಿಯದೆ ಮಧ್ಯಾಹ್ನ ಇನ್ನೊಬ್ಬರು. ಅದರ ಜೊತೆಗೆ ಕೋಕೋಪೀಟ್ ಬಂತು. ನಾನು ಕೆಲಸಕ್ಕೆ ಸೇರಿದಾಗ ಕೆಂಪು ಮಣ್ಣು, ಮರಳು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಕಲಸುತ್ತಿದ್ದೆವು. ಕುಂಡ ಎತ್ತಲು ಇಬ್ಬರು ಬೇಕಿತ್ತು. ಭಾರ ಕಡಿಮೆಯಾಗಲಿ ಎಂದು ಬರೀ ತೆಂಗಿನ ನಾರಿನ ಪುಡಿ ತುಂಬುವ ಪದ್ಧತಿ ಶುರುವಾಯಿತು. ಅದು ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೆನೆದ ಸ್ಪಂಜಿನಂತಿರುತ್ತದೆ. ನೋಡಿದವರು ಪಾಪ ಒಣಗಿದೆ ಎಂದು ಇನ್ನಷ್ಟು ಸುರಿಯುತ್ತಾರೆ. ಆದ್ದರಿಂದ ಕಣ್ಣನ್ನು ನಂಬಬೇಡಿ. ಬೆರಳನ್ನು ಎರಡು ಗೆಣ್ಣು ಒಳಗೆ ಇಳಿಸಿ ನೋಡಿ. ತೇವ ತಗುಲಿದರೆ ಚೊಂಬು ಕೆಳಗಿಡಿ.

ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಡೆದದ್ದನ್ನು ಹೇಳುವುದಕ್ಕೇ ನಾನು ಈ ಬರಹ ಹಿಡಿದದ್ದು. ಆ ಹೊತ್ತಿಗೆ ಕೇಶವಮೂರ್ತಿಯವರು ಹೊಸದೊಂದು ಆಜ್ಞೆ ಹೊರಡಿಸಿದ್ದರು. ಬಾಡಿಗೆಯಿಂದ ವಾಪಸ್ ಬಂದ ಗಿಡವನ್ನು ಯಾರಿಗೂ ಕೊಡಕೂಡದು. ಯಾರ್ಡಿನ ಕೆಲಸದವರು ಕೇಳಿದರೂ ಇಲ್ಲ. ಬುಡ ಮುರಿದು, ಮೇಲೆ ಕಳೆನಾಶಕ ಸಿಂಪಡಿಸಿ ಗುಂಡಿಗೆ ಹಾಕಬೇಕು.

ನಾನು ಅವರ ಕೋಣೆಗೆ ಹೋಗಿ ಕೇಳಿದೆ. "ಅರ್ಧಕ್ಕರ್ಧ ಗಿಡಗಳು ಹೊರಗೆ ನೆರಳಲ್ಲಿಟ್ಟರೆ ಚಿಗುರ್ಕೊಳ್ತವೆ. ಜೀವ ಇರೋದಕ್ಕೆ ವಿಷ ಯಾಕೆ ಸಾರ್ ಹೊಡೀಬೇಕು?"

"ಬಿಟ್ಟಿ ಸಿಕ್ರೆ ಬಾಡಿಗೆಗೆ ಯಾರ್ ತಗೋತಾರೆ?"

"ಯಾರ್ಡಲ್ಲಿ ಗುಡಿಸೋಳು ಮನೆ ಮುಂದೆ ಒಂದು ಕ್ರೋಟನ್ ಇಟ್ಕೊಂಡ್ರೆ ನಮ್ಮ ಬಾಡಿಗೆ ಕೆಡ್ತದಾ?"

"ಪಾಲಿಸಿ ಅಮ್ಮ, ಪಾಲಿಸಿ" ಎಂದರು. ಅವರು ಅಮ್ಮ ಎಂದರೆ ಮಾತು ಮುಗಿಯಿತು ಎಂದರ್ಥ.

ಚಿಗುರು ಒಡೆಯುತ್ತಿದ್ದ ಗಿಡದ ಮೇಲೆ ಕಳೆನಾಶಕ ಬೀಳುವುದನ್ನು ನಾನು ನೋಡಿದ್ದೇನೆ. ಮಣ್ಣಿನ ಮನೆಯಿಂದ ಬಂದವಳು ನಾನು. ನಮ್ಮಲ್ಲಿ ಕಿತ್ತ ಬದನೆ ಗಿಡವನ್ನೂ ತಿಪ್ಪೆಗೆ ಹಾಕುತ್ತೇವೆ ಹೊರತು ವಿಷ ಹಾಕಿ ಕೊಲ್ಲುವುದಿಲ್ಲ.

ಬಾಶೆಟ್ಟಿಹಳ್ಳಿಯ ಆ ಕಚೇರಿಯಲ್ಲಿ ಗುಡಿಸಿ ಒರೆಸುತ್ತಿದ್ದವಳು ಮುನಿಲಕ್ಷ್ಮಮ್ಮ. ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಕಂಟ್ರಾಕ್ಟರ್ ಕಡೆಯ ಕೆಲಸ. ಎತ್ತರದ ಹೆಂಗಸು, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು. ಗಿಡಕ್ಕೆ ಟೀ ಸುರಿಯುವವರನ್ನು ನನಗಿಂತ ಜೋರಾಗಿ ಬೈಯುತ್ತಿದ್ದವಳು ಅವಳೊಬ್ಬಳೇ. "ಸಾರ್, ನಿಮ್ ಟೇಬಲ್ ಮೇಲೆ ನಾನು ಟೀ ಸುರಿದ್ರೆ ಸುಮ್ನಿರ್ತೀರಾ?" ಎಂದು ಒಬ್ಬ ಇಂಜಿನಿಯರನ್ನು ಕೇಳಿದ್ದಳಂತೆ. ಆತ ನಗಲೂ ಆಗದೆ ಬೈಯಲೂ ಆಗದೆ ಎದ್ದು ಹೋದನಂತೆ.

ಒಂದು ದಿನ ಅಲ್ಲಿ ಸ್ನೇಕ್ ಪ್ಲಾಂಟ್ ಒಂದು ಕೊಳೆತು ವಾಲಿತ್ತು. ಹಾವಿನ ಹೆಡೆಯ ಹಾಗೆ ನೆಟ್ಟಗೆ ನಿಲ್ಲುವ ಎಲೆಯ ಗಿಡ. ಅದನ್ನು ಕೊಲ್ಲುವುದು ಕಷ್ಟ ಎನ್ನುತ್ತಾರೆ. ನೀರು ಸುರಿದರೆ ಬಹಳ ಸುಲಭ. ನಾನು ಕುಂಡ ಎತ್ತಿಸುವಾಗ ಮುನಿಲಕ್ಷ್ಮಮ್ಮ ಬಂದು ನಿಂತಳು.

"ಅಕ್ಕ, ಇದು ಪೂರ್ತಾ ಸತ್ತೋಯ್ತಾ?"

"ಬುಡ ಹೋಗಿದೆ. ಎಲೆ ಇನ್ನೂ ಗಟ್ಟಿಯಾಗೈತೆ ನೋಡು."

"ಎಲೆಯಿಂದ ಬರ್ತದಾ?"

ಬರುತ್ತದೆ ಎಂದು ತೋರಿಸಿದೆ. ಕೊಳೆತದ್ದಕ್ಕಿಂತ ಮೇಲೆ, ಗಟ್ಟಿ ಇರುವ ಕಡೆ ಕತ್ತರಿಸಬೇಕು. ಕತ್ತರಿಸಿದ ಗಾಯ ನೆರಳಿನಲ್ಲಿ ಒಣಗಿ ಹಕ್ಕಳೆ ಕಟ್ಟುವವರೆಗೆ ಮಣ್ಣಿಗೆ ಇಳಿಸಬಾರದು. ಮೇಲು ಯಾವುದು, ಕೆಳಗು ಯಾವುದು ಮರೆಯಬಾರದು, ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ಮರಳು ಹೆಚ್ಚಿರುವ ಮಣ್ಣಿನಲ್ಲಿ ಊರಿ, ಕೈ ಕಟ್ಟಿ ಕೂರಬೇಕು. ದಿನಾ ಕಿತ್ತು ಬೇರು ಬಂತಾ ಎಂದು ನೋಡುವ ಚಪಲ ಬಿಡಬೇಕು. ಎಲೆಯ ಮೂರು ತುಂಡು ಕತ್ತರಿಸಿ ಅವಳ ಕೈಗೆ ನಾನೇ ಕೊಟ್ಟೆ. ಪಾಲಿಸಿ ನೆನಪಿತ್ತು. ಬೇಕೆಂತಲೇ ಕೊಟ್ಟೆ. ಅವಳು ಅದನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಳು.

ಸಂಜೆ ಗೇಟಿನಲ್ಲಿ ಚೀಲ ತಪಾಸಣೆ ಮಾಡಿದ ಸೆಕ್ಯುರಿಟಿಯವನು ಆ ತುಂಡುಗಳನ್ನು ಹಿಡಿದ. ಕಂಪನಿ ಆಸ್ತಿ ಹೊರಗೆ ಸಾಗಿಸುತ್ತಿದ್ದಾಳೆ ಎಂದ. ಶಿಫ್ಟ್ ಬಿಟ್ಟು ಹೊರಟ ಅಷ್ಟೂ ಜನರ ಎದುರಿಗೆ ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ಅವಳು ಬಸ್ ಹೋಗುತ್ತದೆ, ಬಿಡಿ ಎಂದಳಂತೆ. ಬಿಡಲಿಲ್ಲ. ಮಾರನೆಯ ದಿನ ಕಂಟ್ರಾಕ್ಟರಿಗೆ ಹೇಳಿ ಅವಳನ್ನು ಕೆಲಸದಿಂದ ತೆಗೆಯಿರಿ, ಕಳ್ಳತನ ಎಂದು ಬರೆದುಕೊಳ್ಳಿ ಎಂದು ಅಡ್ಮಿನ್ ಅಧಿಕಾರಿ ಆದೇಶ ಮಾಡಿದ.

ನನಗೆ ಸುದ್ದಿ ಮುಟ್ಟಿಸಿದವಳು ಮುನಿಲಕ್ಷ್ಮಮ್ಮನೇ. ಫೋನಿನಲ್ಲಿ ಅಳುತ್ತಿರಲಿಲ್ಲ. "ಅಕ್ಕ, ಕಳ್ಳಿ ಅಂದ್ಬುಟ್ರು" ಎಂದಳು, ಅಷ್ಟೇ.

ಕೇಶವಮೂರ್ತಿಯವರಿಗೆ ಹೇಳಿದೆ. ಅವರು ಮುಖವನ್ನೇ ಎತ್ತಲಿಲ್ಲ. "ಅದು ಅವರ ಒಳಗಿನ ವಿಷಯ. ದೊಡ್ಡ ಪಾರ್ಟಿ ಅದು. ನೀವು ತಲೆ ಹಾಕ್ಬೇಡಿ."

"ಕೊಟ್ಟೋಳು ನಾನು ಸಾರ್."

"ಅದನ್ನ ಯಾರ್ ಮುಂದೂ ಹೇಳ್ಬೇಡಿ."

ನಾನು ಮಾರನೆಯ ಬೆಳಿಗ್ಗೆ ನೇರ ಆ ಕಾರ್ಖಾನೆಗೆ ಹೋದೆ. ವಿಷಯ ಹೇಗೋ ತಿಳಿದು ಕೇಶವಮೂರ್ತಿಯವರೂ ನನ್ನ ಹಿಂದೆಯೇ ಕಾರಿನಲ್ಲಿ ಬಂದರು. ಅಡ್ಮಿನ್ ಅಧಿಕಾರಿ ವಯಸ್ಸಿನಲ್ಲಿ ನನ್ನ ತಮ್ಮನ ಮಗನಷ್ಟು. ಅವನ ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಆ ಮೂರು ಎಲೆ ತುಂಡು! ಪೊಲೀಸಿನವರು ಚಾಕು ಇಟ್ಟ ಹಾಗೆ ಇಟ್ಟಿದ್ದ. ವಿಚಾರಣೆಗೆ ಕರೆಸಿದ್ದ ಮುನಿಲಕ್ಷ್ಮಮ್ಮ ಬಾಗಿಲ ಪಕ್ಕ ನಿಂತಿದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೂರಲಿಲ್ಲ.

"ಇದು ಯಾರ ಆಸ್ತಿ ಸಾರ್?" ಎಂದು ಕೇಳಿದೆ.

"ಕಂಪನೀದು."

"ಅಲ್ಲ. ನಿಮ್ಮ ಕಂಪನಿ ಗಿಡ ಕೊಂಡಿಲ್ಲ, ಬಾಡಿಗೆಗೆ ತಗೊಂಡೈತೆ. ಗಿಡ ನಮ್ಮದು. ನಮ್ಮ ಕಡೆಯಿಂದ ಉಸ್ತುವಾರಿ ನನ್ನದು. ಕೊಳೆತದ್ದನ್ನ ವಾಪಸ್ ತಗೊಂಡು, ಅದರ ಎಲೆ ಕತ್ತರಿಸಿ ಅವಳ ಕೈಗೆ ಕೊಟ್ಟೋಳು ನಾನು. ನಮ್ಮ ವಸ್ತು ಕಳುವಾಗಿದೆ ಅಂತ ನಾವು ನಿಮಗೆ ಹೇಳಿದ್ವಾ?"

ಅವನು ಕೇಶವಮೂರ್ತಿಯವರ ಮುಖ ನೋಡಿದ. "ಹೇಳಿ ಸಾರ್. ನಿಮ್ಮ ಗಿಡ ಕಳ್ಳತನ ಆಗಿದ್ಯಾ?"

ಹೌದು ಅಥವಾ ಇಲ್ಲ, ಬೇಕಾಗಿದ್ದದ್ದು ಇಷ್ಟೇ. ಇಲ್ಲ ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಕೇಶವಮೂರ್ತಿಯವರು ಕರ್ಚೀಫಿನಿಂದ ಕನ್ನಡಕ ಒರೆಸಿದರು. "ನೋಡಿ, ನಮ್ಮ ಕಂಪನಿಯ ಪದ್ಧತಿ ಪ್ರಕಾರ ಗಿಡ ಯಾರಿಗೂ ಕೊಡೋ ಹಾಗಿಲ್ಲ. ಸರೋಜಮ್ಮ ತಮ್ಮ ಮಟ್ಟದಲ್ಲಿ ಏನೋ ಮಾಡಿರಬಹುದು. ಕಳ್ಳತನ ಅಂತ ನಾನು ಹೇಳಲ್ಲ. ಆದ್ರೆ ಅನುಮತಿ ಇರ್ಲಿಲ್ಲ."

ನಾನು ಆ ಕೋಣೆಯಲ್ಲಿ ಕೂಗಾಡಿದೆ. ಅಲ್ಲಿ ಕೂಗಾಡಬಾರದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. "ದಿನಾ ನಿಮ್ಮ ಕಕ್ಕಸು ತೊಳೆಯೋ ಹೆಂಗಸು, ನೀವು ಟೀ ಸುರಿದು ಕೊಳೆಸಿದ ಗಿಡದ ಮೂರು ಎಲೆ ಬದುಕಿಸೋಕೆ ಒಯ್ದಿದ್ದಾಳೆ. ಕೊಳೆಸಿದೋರಿಗೆ ಏನೂ ಇಲ್ಲ, ಬದುಕಿಸ್ತೀನಿ ಅಂದೋಳು ಕಳ್ಳಿ! ಯಾವ ಊರಿನ ನ್ಯಾಯ ಸಾರ್ ಇದು? ಬರೆದುಕೊಳ್ಳೋದಾದ್ರೆ ನನ್ನ ಹೆಸರು ಬರೆದುಕೊಳ್ಳಿ" ಎಂದೆ.

ಅಧಿಕಾರಿ ಗಾಬರಿಯಾದ. ಗಾಜಿನ ಗೋಡೆಯ ಆಚೆ ಜನ ತಲೆ ಎತ್ತಿ ನೋಡುತ್ತಿದ್ದರು. ಕಳ್ಳತನ ಎಂದು ಬರೆಯುವುದಿಲ್ಲ ಎಂದು ಒಪ್ಪಿದ. ಆದರೆ ಇಲ್ಲಿ ಇನ್ನು ಬೇಡ, ಕಂಟ್ರಾಕ್ಟರ್ ಬೇರೆ ಕಡೆ ಹಾಕಿಕೊಳ್ಳಲಿ ಎಂದ. ಕಂಟ್ರಾಕ್ಟರ್ ಅವಳನ್ನು ಸೋಂಪುರಕ್ಕೆ ಹಾಕಿದ. ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯವಳು ಬಸ್ ಬದಲಾಯಿಸಿ ಬದಲಾಯಿಸಿ ಬೆಳಗಿನ ಶಿಫ್ಟಿಗೆ ಸೋಂಪುರ ಮುಟ್ಟುವುದು ಹೇಗೆ? ಒಂದಷ್ಟು ದಿನ ಓಡಾಡಿ ಬಿಟ್ಟುಬಿಟ್ಟಳು. ತೆಗೆದುಹಾಕುವುದಕ್ಕೆ ಎಷ್ಟು ಮರ್ಯಾದೆಯ ದಾರಿಗಳಿವೆ ನೋಡಿ.

ಆಮೇಲೊಮ್ಮೆ ಅವಳು ದೊಡ್ಡಬಳ್ಳಾಪುರ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಒಂದು ಮದುವೆ ಛತ್ರದಲ್ಲಿ ಕೆಲಸ ಎಂದಳು. ಅವಳೇ ನನ್ನ ಕೈ ಹಿಡಿದುಕೊಂಡಳು.

"ನೀವು ಬಂದು ಕೂಗಾಡಿದ್ದು ಒಳ್ಳೇದಾಯ್ತು ಬಿಡಿ ಅಕ್ಕ. ಕೆಲಸ ಹೋಯ್ತು, ಹೆಸರು ಉಳೀತು. ನಮ್ಮೂರಿಗೆ ಕಳ್ಳಿ ಅಂತ ಹೋಗಿದ್ರೆ ಹೆಣ್ಣುಮಕ್ಕಳ ಮುಖ ಹೆಂಗ್ ನೋಡ್ತಿದ್ದೆ?"

ಅವಳು ಸಮಾಧಾನವಾಗಿ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಹೆಸರು ಅವಳದೇ ಆಗಿತ್ತಲ್ಲ, ಅದನ್ನು ಉಳಿಸಿಕೊಳ್ಳಲು ಕೆಲಸ ಯಾಕೆ ಕೊಡಬೇಕಾಗಿತ್ತು?

ನನಗೂ ಶಿಕ್ಷೆಯಾಯಿತು. ಕಾರ್ಖಾನೆಗಳ ಉಸ್ತುವಾರಿ ಕಿತ್ತುಕೊಂಡು ಮನೆ ವಿಭಾಗಕ್ಕೆ ಹಾಕಿದರು. ಬಾಡಿಗೆಗಲ್ಲದೆ ಸ್ವಂತಕ್ಕೆ ನಮ್ಮಲ್ಲಿ ಗಿಡ ಕೊಂಡ ಮನೆಗಳಿಗೆ ಹೋಗಿ, ಯಾಕೆ ಬಾಡಿತು ಎಂದು ನೋಡಿ ಬರುವ ಕೆಲಸ. ಕಂಪನಿಯಲ್ಲಿ ಅದನ್ನು ಮೂಲೆಗುಂಪು ಎನ್ನುತ್ತಿದ್ದರು. ನನ್ನ ಸೇವೆಯಲ್ಲಿ ನಾನು ನಿಜವಾಗಿ ಗಿಡದ ಕೆಲಸ ಮಾಡಿದ್ದು ಆ ಮೂಲೆಯಲ್ಲೇ.

ಮನೆಗಳಲ್ಲಿ ಕಂಡ ತೊಂದರೆಗಳು ಹೆಚ್ಚು ಬಗೆಯವೇನಲ್ಲ. ಚಂದದ ಪಿಂಗಾಣಿ ಕುಂಡದೊಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಇಳಿಸಿ, ಕೆಳಗೆ ನಿಂತ ನೀರಿನಲ್ಲಿ ಬೇರು ಮುಳುಗಿಸುವುದು. ಬಣ್ಣ ಬಳಿದ ಕಳ್ಳಿಗಿಡ ಕೊಂಡು ತರುವುದು. ಬಣ್ಣ ಬಳಿದರೆ ಅದಕ್ಕೆ ಬಿಸಿಲು ಹೇಗೆ ತಾಗಬೇಕು? ಕರಿಬೇವನ್ನು ತಂದ ದಿನವೇ ದೊಡ್ಡ ಡ್ರಮ್ಮಿಗೆ ಹಾಕಿ ಗೊಬ್ಬರ ಸುರಿಯುವುದು. ಕರಿಬೇವಿಗೆ ಬಿಸಿಲು ಕೊಡಿ, ಮಳೆ ಬಿದ್ದಾಗ ತುದಿ ಚಿವುಟಿ, ಮೊದಲು ಬೇರೂರಲಿ. ಗೊಬ್ಬರ ಆಮೇಲೆ. ಹೊಸದಾಗಿ ತಂದ ಯಾವುದೇ ಗಿಡವನ್ನು ಕೆಲವು ದಿನ ಸುಮ್ಮನೆ ಒಂದೇ ಜಾಗದಲ್ಲಿ ಬಿಡಿ. ಹೊಸದಾಗಿ ಮನೆಗೆ ಬಂದ ಸೊಸೆಗೆ ಮೊದಲ ದಿನವೇ ಅಡುಗೆ ಮನೆ ವಹಿಸುತ್ತೀರಾ?

ಈ ಮಾತು ನನಗೆ ಹೊಳೆದದ್ದು ದೇವನಹಳ್ಳಿ ಕಡೆಯ ಒಂದು ಮನೆಯಲ್ಲಿ. ಜಮೀನು ಮಾರಿ ಹೊಸದಾಗಿ ಕಟ್ಟಿಸಿದ ಮಹಡಿ ಮನೆ. ಅಂಗಳದ ತುಳಸಿ ಒಣಗಿದೆ, ನಿಮ್ಮ ಗಿಡ ಸರಿಯಿಲ್ಲ ಎಂದು ದೂರು. ಹೋಗಿ ನೋಡಿದರೆ ಎಲೆಯ ಅಂಚು ಸುಟ್ಟಂತಾಗಿ ಗಿಡ ಕಡ್ಡಿಯಾಗಿತ್ತು. ಹೊಸ ಗಿಡ ನೆಟ್ಟು, ಮಣ್ಣು ಬದಲಿಸಿ ಬಂದೆ. ಅದೂ ಹೋಯಿತು. ಎರಡನೆಯ ಸಲ ಹೋದಾಗ ಯಜಮಾನಿ ಬಾಗಿಲಲ್ಲೇ ಹೇಳಿದರು:

"ಗಿಡದ ತಪ್ಪಲ್ಲ ಬಿಡಮ್ಮ. ನಮ್ಮ ಮನೆಗೆ ಕಾಲಿಟ್ಟೋರ ಗಳಿಗೆ. ಮದುವೆ ಆಗಿ ಬಂದಾಗಿಂದ ಅಂಗಳದಲ್ಲಿ ತುಳಸಿ ನಿಲ್ತಾನೇ ಇಲ್ಲ."

ಆ ಕಾಲಿಟ್ಟವಳು, ಅವರ ಸೊಸೆ ಶ್ವೇತಾ, ಅಲ್ಲೇ ನಿಂತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ದಿನಾ ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರು ಹಾಕುವುದು ಅವಳ ಪಾಲಿಗೆ ಬಂದಿತ್ತು. ಅಂದರೆ ಕೊಲೆ ಅವಳ ಕೈಯಿಂದಲೇ! ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು.

ನಾನು ಮಣ್ಣು ಕೆದಕಿ ಬೇರು ನೋಡಿದೆ. ಕೊಳೆತಿರಲಿಲ್ಲ. ಹುಳ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು. ಏನೂ ತೋಚದೆ ಎದ್ದು ಅಂಗಳದ ನಲ್ಲಿಯಲ್ಲಿ ಕೈ ತೊಳೆಯಲು ಹೋದೆ. ಸೋಪು ಹಚ್ಚಿದರೆ ಕೈತುಂಬ ನೊರೆ. ಎಷ್ಟು ತೊಳೆದರೂ ಜಾರುತ್ತಲೇ ಇದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಸೋಪು ಉಜ್ಜಿ ಉಜ್ಜಿ ಕೈ ಸೋತರೂ ನೊರೆ ಬರುವುದಿಲ್ಲ. ಗಡುಸು ನೀರು. ಕುಂಡಗಳ ಮೇಲೆಲ್ಲ ಬಿಳಿ ಪೊರೆ ಕಟ್ಟುತ್ತದೆ.

"ಈ ನೀರು ಎಲ್ಲಿಂದ ಬರ್ತದೆ?" ಎಂದು ಕೇಳಿದೆ.

"ಬೋರೇ. ಮೇಲೆ ಸಾಫ್ಟ್‌ನರ್ ಹಾಕ್ಸಿದ್ದೀವಿ" ಎಂದಳು ಶ್ವೇತಾ.

ಗಡುಸು ನೀರನ್ನು ಮೆದು ಮಾಡುವ ಯಂತ್ರ ಅದು. ಅದಕ್ಕೆ ಮೂಟೆಗಟ್ಟಲೆ ಉಪ್ಪು ಹಾಕುತ್ತಾರೆ. ಬಟ್ಟೆಗೆ, ಗೀಸರಿಗೆ, ತಲೆಕೂದಲಿಗೆ ಒಳ್ಳೆಯದು. ಆದರೆ ಆ ನೀರಿನಲ್ಲಿ ಸೇರುವ ಉಪ್ಪಿನ ಅಂಶ ದಿನಾ ಕುಂಡಕ್ಕೆ ಬಿದ್ದರೆ ಮಣ್ಣು ಕೆಡುತ್ತದೆ, ಬೇರಿಗೆ ನೀರು ಕುಡಿಯಲಾಗುವುದಿಲ್ಲ. ತುಳಸಿ ನೀರಿನ ನಡುವೆಯೇ ಬಾಯಾರಿ ಸಾಯುತ್ತಿತ್ತು.

"ಯಂತ್ರ ಯಾವಾಗ ಹಾಕ್ಸಿದ್ದು?" ಎಂದೆ.

ಶ್ವೇತಾ ಮೆಲ್ಲಗೆ ಹೇಳಿದಳು, "ನಮ್ಮ ಮದುವೆಗೆ ಅಂತ ಮನೆ ರಿಪೇರಿ ಮಾಡಿಸ್ದಾಗ."

ಯಂತ್ರಕ್ಕೆ ಹೋಗುವ ಮೊದಲೇ ಪೈಪಿನಿಂದ ಒಂದು ನಲ್ಲಿ ತೆಗೆಸಿ ಗಿಡಕ್ಕೆ ಅದನ್ನೇ ಬಳಸಿ, ಸಾಧ್ಯವಾದರೆ ಮಳೆ ನೀರು ಹಿಡಿದಿಡಿ ಎಂದೆ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಬೀಳುವ ವ್ಯರ್ಥ ನೀರನ್ನೂ ಕುಂಡಕ್ಕೆ ಸುರಿಯಬೇಡಿ, ನೆಲ ಒರೆಸಿ ಎಂದೆ. ಅರಿಶಿನ ಕುಂಕುಮವನ್ನು ಕಾಂಡಕ್ಕೆ ಮೆತ್ತದೆ ಕಟ್ಟೆಗೆ ಇಡಿ, ಹೂವಿನ ಕದಿರು ಬಂದಾಗ ಚಿವುಟುತ್ತಿರಿ, ಗಿಡ ಪೊದೆಯಾಗುತ್ತದೆ ಎಂದೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಇರಬೋದು" ಎಂದು ಒಳಗೆ ಹೋದರು. ಇರಬಹುದಂತೆ! ಅಷ್ಟು ದಿನ ಒಂದು ಹುಡುಗಿಯ ಕಾಲ್ಗುಣ ಅಂದದ್ದಕ್ಕೆ ಸಿಕ್ಕ ಪರಿಹಾರ ಅದೊಂದು ಪದ.

ನಾನು ಹೊರಡುವಾಗ ಶ್ವೇತಾ ಗೇಟಿನವರೆಗೆ ಬಂದಳು. "ಆಂಟಿ, ಇದನ್ನೇ ಇನ್ನೊಂದ್ಸಲ ನಮ್ಮ ಯಜಮಾನ್ರ ಎದುರಿಗೆ ಹೇಳ್ತೀರಾ? ಇನ್ನೇನು ಬಂದ್ಬಿಡ್ತಾರೆ."

ಕಾದೆ. ಆತ ಬಂದ. ಗೇಟಿನಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಫೋನ್ ನೋಡುತ್ತಲೇ ಕೇಳುತ್ತಿದ್ದವನು, ನಾನು "ನಿಮ್ಮ ಹೆಂಡತಿ ಕೈಯಲ್ಲಿ ದೋಷ ಇಲ್ಲ, ನಿಮ್ಮ ನಲ್ಲೀಲಿ ಇದೆ" ಎಂದಾಗ ಫೋನ್ ಜೇಬಿಗಿಟ್ಟ. ನಲ್ಲಿಯ ಹತ್ತಿರ ಹೋಗಿ ತಾನೂ ಸೋಪು ಹಚ್ಚಿ ನೋಡಿದ. ಆಮೇಲೆ ಒಳಗೆ ಹೋಗಿ ಅಮ್ಮನ ಹತ್ತಿರ ದನಿ ಎತ್ತಿ ಮಾತಾಡಿದ್ದು ನನಗೆ ರಸ್ತೆಗೆ ಕೇಳಿಸಿತು. ಶ್ವೇತಾಳ ಮುಖ ಆಗ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಒಂದು ಗಿಡದ ಸಾವನ್ನು ಸರಿಯಾಗಿ ಓದದೆ ಹೋದರೆ ಅದರ ಪಾಪ ಮನೆಯಲ್ಲಿ ಯಾರ ತಲೆಗೆ ಸುತ್ತಿಕೊಳ್ಳುತ್ತದೆ ಎಂದು ಅವತ್ತು ಕಣ್ಣಾರೆ ಕಂಡೆ.

ಒಂದೇ ಕುಂಡದ ಮನೆಯಲ್ಲಿ ಇಷ್ಟು ಹೊತ್ತು ಯಾಕೆ ಕಳೆದಿರಿ ಎಂದು ಕೇಶವಮೂರ್ತಿಯವರು ಕೇಳಿದರು. ಅದರ ಹಿಂದೆಯೇ ಮನೆಗೆ ಹೋಗುವ ಪದ್ಧತಿಯೇ ನಿಂತಿತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿ, ಉತ್ತರ ಕೊಡುತ್ತೇವೆ ಎಂದರು. ಬರುವ ಫೋಟೋಗಳೆಲ್ಲ ಹಳದಿ ಎಲೆ. ನೀರು ಹೆಚ್ಚಾದರೂ ಹಳದಿ, ಕಡಿಮೆಯಾದರೂ ಹಳದಿ, ಬೆಳಕಿಲ್ಲದಿದ್ದರೂ ಹಳದಿ, ಎಲೆಗೆ ವಯಸ್ಸಾದರೂ ಹಳದಿ. ಫೋಟೋದಲ್ಲಿ ಬೇರು ಕಾಣುತ್ತದೆಯೇ? ನಲ್ಲಿಯ ನೀರು ಜಾರುವುದು ತಿಳಿಯುತ್ತದೆಯೇ? ಅತ್ತೆಯ ಮಾತು ಕೇಳಿಸುತ್ತದೆಯೇ? ಎಲ್ಲದಕ್ಕೂ ಒಂದೇ ಸಿದ್ಧ ಉತ್ತರ ಇತ್ತು, "ನಮ್ಮ ಪೋಷಕ ದ್ರಾವಣ ಬಳಸಿ." ಸಾಯುತ್ತಿರುವ ಗಿಡಕ್ಕೆ ಗೊಬ್ಬರ ಹಾಕುವುದೆಂದರೆ ಜ್ವರ ಬಂದವರಿಗೆ ಬಿರಿಯಾನಿ ತಿನ್ನಿಸಿದ ಹಾಗೆ. ನಾನು ಆ ಉತ್ತರ ಕಳಿಸುವುದಿಲ್ಲ ಎಂದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ನೀರು, ಬೆಳಕು, ಕುಂಡ ವಿಚಾರಿಸುತ್ತಿದ್ದೆ. ಹಾಗೇ ಜಗಳವಾಡುತ್ತಲೇ ನಿವೃತ್ತಿಯ ದಿನ ಬಂತು. ಹಾರ ಹಾಕಿದರು, ಶಾಲು ಹೊದಿಸಿದರು.

ಇತ್ತೀಚೆಗೆ ಕೇಶವಮೂರ್ತಿಯವರೇ ಫೋನ್ ಮಾಡಿದರು. ಈಗ ಅವರು ಕಂಪನಿಯ ನಿರ್ದೇಶಕರು. "ಹೊಸ ಬ್ಯಾಚ್ ಬಂದಿದೆ ಸರೋಜಮ್ಮ. ಅನುಭವಿಗಳು ಅಂತ ನಿಮ್ಮಿಂದ ಎರಡು ಮಾತು. ಹಳೇದೆಲ್ಲ ಬೇಡ, ಉತ್ಸಾಹ ಬರೋ ಹಾಗೆ ಹೇಳಿ."

ಹೋದೆ. ಹೊಸ ಕಟ್ಟಡದ ನೆಲಮಾಳಿಗೆಯಲ್ಲಿ ಸಭೆ. ಕಿಟಕಿ ಇಲ್ಲ, ಚಾವಣಿಯ ತುಂಬ ದೀಪ, ನಾಲ್ಕು ಮೂಲೆಗೂ ದೊಡ್ಡ ದೊಡ್ಡ ಪಾಮ್ ಗಿಡ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಕೂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಕಂಪನಿಯ ಬಣ್ಣದ ಕರಪತ್ರ. ಮೊದಲ ಸಾಲಿನಲ್ಲಿ ಕೇಶವಮೂರ್ತಿಯವರು. ಅವರ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ನಾನು ಎದ್ದು ನಿಂತು, ಗೋಡೆಯ ಪಕ್ಕ ಕೂತಿದ್ದ ಹುಡುಗಿಗೆ, "ಆ ಸ್ವಿಚ್ಚೆಲ್ಲ ಆರಿಸಮ್ಮ" ಎಂದೆ. ಅವಳು ಆರಿಸಿದಳು. ಬಾಗಿಲ ಸಂದಿಯಿಂದ ಬಂದ ಒಂದು ಎಳೆ ಬೆಳಕು ಬಿಟ್ಟರೆ ಏನೂ ಇಲ್ಲ.

"ಈಗ ಕೈಯಲ್ಲಿರೋ ಕರಪತ್ರ ಓದಿ" ಎಂದೆ.

ಯಾರೋ ನಕ್ಕರು. "ಕಾಣ್ಸಲ್ಲ ಮೇಡಂ."

"ನಿಮಗೆ ಓದೋಕಾಗದ ಜಾಗದಲ್ಲಿ ಗಿಡಕ್ಕೆ ಉಣ್ಣೋಕಾಗಲ್ಲ. ಗಿಡದ ಊಟ ಬೆಳಕು. ಮೂಲೇಲಿರೋ ಆ ಗಿಡಗಳು ಇವತ್ತಿನಿಂದ ಉಪವಾಸ. ಗಿರಾಕಿ ಮನೆಗೆ ಹೋದಾಗ ಮೊದಲು ದೀಪ ಆರಿಸೋಕೆ ಹೇಳಿ. ಹಗಲು ಹೊತ್ತಲ್ಲಿ ಕೂತು ಪೇಪರ್ ಓದೋಕಾದ್ರೆ ಅಲ್ಲಿ ಗಿಡ ಇಡಿ. ಆಗದಿದ್ರೆ, ಇಲ್ಲಿ ಇಡಬೇಡಿ, ಸಾಯ್ತದೆ ಅಂತ ಹೇಳಿ. ಹೇಳಿದ್ರೆ ಮಾರಾಟ ಕಡಿಮೆಯಾಗ್ತದೆ. ನಿಮಗೆ ಬೈಗುಳ ಬೀಳ್ತದೆ. ಆದ್ರೂ ಹೇಳಿ" ಎಂದೆ.

"ಸಾಕು, ಲೈಟ್ ಹಾಕಮ್ಮ" ಎಂದು ಮೊದಲ ಸಾಲಿನಿಂದ ಕೇಶವಮೂರ್ತಿಯವರ ದನಿ ಬಂತು.

ಸ್ವಿಚ್ಚಿನ ಪಕ್ಕದ ಹುಡುಗಿ ಅಲುಗಿದ್ದು ಕೇಳಿಸಿತು. ಎದ್ದು ನಿಂತಳು ಅನ್ನಿಸುತ್ತದೆ. ನಾನು ದೀಪ ಹೊತ್ತುವುದನ್ನೇ ಕಾಯುತ್ತಿದ್ದೆ.

"ಒಂದ್ನಿಮಿಷ ಸಾರ್" ಎಂದಳು ಅವಳು. "ಇವರು ಪೂರ್ತಿ ಹೇಳಿ ಮುಗಿಸ್ಲಿ."

ನಾನು ಕತ್ತಲಲ್ಲೇ ಮುಂದುವರಿಸಿದೆ.